‘ಬ್ಲ್ಯಾಕ್ ವಾಟರ್’ ಹೊಳೆಗೆ ಏನನ್ನೋಣ? ಕರಿನೀರಾ, ಚೊಗರುನೀರಾ?

ಅಕ್ಕನ ಮಗಳ ತೊಟ್ಟಿಯಲ್ಲಿ ಕಾರ್ಡಿನಲ್ ಟೆಟ್ರಾ ಮೀನುಗಳಿವೆ. ಬೆರಳಿನ ಎರಡು ಗೆಣ್ಣಿನಷ್ಟುದ್ದ, ಮೇಲೆ ಹೊಳೆಯುವ ನೀಲಿ ಗೆರೆ, ಕೆಳಗೆ ತಲೆಯಿಂದ ಬಾಲದವರೆಗೂ ಕೆಂಪು. (ನಿಯಾನ್ ಟೆಟ್ರಾಗೆ ಕೆಂಪು ಹಿಂದಿನರ್ಧ ಮಾತ್ರ, ಅಂಗಡಿಯಲ್ಲಿ ಎರಡನ್ನೂ ಒಂದೇ ಅಂತ ಕೊಡ್ತಾರೆ.) ಅವಳ ಶಾಲೆಯ ಗೋಡೆಪತ್ರಿಕೆಗೆ ಇದರ ಬಗ್ಗೆ ಒಂದು ಪುಟ ಬರೆದುಕೊಡಲು ಕೂತವನು ಮೂರನೇ ಸಾಲಿಗೇ ಸಿಕ್ಕಿಬಿದ್ದೆ.

ಬ್ರೆಜಿಲಿನ ರಿಯೊ ನೆಗ್ರೊ, ಅಂದರೆ ಕರಿಹೊಳೆ, ಅದಕ್ಕೆ ಸೇರುವ ತೊರೆಗಳಲ್ಲಿ ಈ ಮೀನು ಜಾಸ್ತಿ. ಅಂಥ ನೀರಿಗೆ ಇಂಗ್ಲಿಷಿನಲ್ಲಿ ಬ್ಲ್ಯಾಕ್ ವಾಟರ್ ಅಂತಾರೆ. ನಾನು ‘ಕರಿನೀರಿನ ಮೀನು’ ಅಂತ ಬರೆದೆ. ಅಮ್ಮ ಓದಿ, “ಪಾಪ, ಏನು ತಪ್ಪು ಮಾಡಿತ್ತೋ” ಅಂದರು. ಅಂಡಮಾನಿನ ಶಿಕ್ಷೆ ಆ ಪದವನ್ನು ಪೂರ್ತಿ ನುಂಗಿಬಿಟ್ಟಿದೆ, ಅಲ್ವಾ? ‘ಕಪ್ಪುನೀರು’ ಅಂದರೆ ಮೋರಿ ನೆನಪಾಗುತ್ತದೆ. ಇಂಗ್ಲಿಷಿನಲ್ಲೂ ಕಕ್ಕಸಿನ ಕೊಳಚೆಗೆ ಇದೇ ಹೆಸರಿದೆ, ಅದು ಬೇರೆ ಮಾತು.

ಆ ನೀರು ಕಪ್ಪೂ ಅಲ್ಲ, ಕೊಳಕೂ ಅಲ್ಲ. ಲೋಟಕ್ಕೆ ತುಂಬಿದರೆ ಹಾಲು ಹಾಕದ ತೆಳು ಚಹಾದ ಬಣ್ಣ, ಆಳ ಇರುವಲ್ಲಿ ಮೇಲಿಂದ ನೋಡಿದರೆ ಮಾತ್ರ ಕಪ್ಪು. ಕಾಡಿನ ಉದುರೆಲೆ ಕೊಳೆತು ಬಿಟ್ಟ ರಸವನ್ನು ಅಲ್ಲಿನ ಮರಳುನೆಲ ಹಿಡಿದಿಟ್ಟುಕೊಳ್ಳುವುದಿಲ್ಲ, ಅದೆಲ್ಲ ಸೀದಾ ತೊರೆಗೆ ಇಳಿಯುತ್ತದೆ. ಹಾಗಾಗಿ ನೀರು ಹುಳಿ, ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) ಎಷ್ಟೋ ಕಡೆ 5ಕ್ಕಿಂತ ಕಮ್ಮಿ, ಲವಣಗಳು ಇಲ್ಲವೇ ಇಲ್ಲ ಅನ್ನುವಷ್ಟು.

ಇದೇ ಗುಣ ಬರಲಿ ಅಂತ ತೊಟ್ಟಿಗೆ ಕಾಡುಬಾದಾಮಿಯ ಒಣಗಿದೆಲೆ ಹಾಕಿದ್ದೆವು. ನೀರು ಕಂದಾದಾಗ ಅಮ್ಮನೇ, “ಇದು ಚೊಗರಲ್ವೇನೋ” ಅಂದರು. ನಮ್ಮದು ಮಲೆನಾಡು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಗಂದು ನೀರು, ಬಟ್ಟೆಗೆ ತಾಗಿದರೆ ಜನ್ಮಕ್ಕೂ ಹೋಗದ್ದು, ಅದೇ ಚೊಗರು. ಅದರಲ್ಲಿರುವುದೂ ಟ್ಯಾನಿನ್ ಅನ್ನುವ ಒಗರಿನ ಅಂಶ, ಎಲೆ ಬಿಡುವುದೂ ಅದೇ. ಅಲ್ಲಿಂದ ‘ಚೊಗರುನೀರು’, ‘ಚೊಗರುಹೊಳೆ’ ನನ್ನ ತಲೆಯಲ್ಲಿ ಕೂತುಬಿಟ್ಟಿವೆ. ಒಂದೇ ಅಳುಕು, ಚೊಗರು ಮಂದ, ತಳ ಕಾಣದು, ಈ ಹೊಳೆಯ ನೀರು ತಿಳಿ. ‘ಒಗರುನೀರು’ ಎಲ್ಲರಿಗೂ ತಿಳಿಯುವ ಪದವೇನೋ ಹೌದು, ಆದರೆ ಅದರಲ್ಲಿ ರುಚಿ ಬಂತು, ಬಣ್ಣ ಹೋಯಿತು.

ಇನ್ನೊಂದು. ಮಳೆಗಾಲಕ್ಕೆ ಹೊಳೆ ಏರಿದಾಗ ಈ ಮೀನುಗಳು ಮುಳುಗಿದ ಕಾಡಿನೊಳಗೇ ನುಗ್ಗಿ ಮರಗಳ ನಡುವೆ ಮೇಯುತ್ತವೆ. ಆ ಕಾಡಿಗೆ ಅಲ್ಲಿ ಇಗಪೊ ಅಂತಾರೆ. ಸದ್ಯಕ್ಕೆ ‘ನೆರೆಗಾಡು’ ಅಂತ ಬರೆದಿದ್ದೇನೆ. ‘ಜೌಗುಕಾಡು’ ಬೇಡ, ಜೌಗಿನಲ್ಲಿ ನೀರು ನಿಲ್ಲುತ್ತದೆ, ಇಲ್ಲಿ ಏರಿ ಇಳಿಯುತ್ತದೆ.

ಬಯಲುಸೀಮೆಯವರಿಗೆ, ಕರಾವಳಿಯವರಿಗೆ ‘ಚೊಗರು’ ಅಂದರೆ ಏನು ಅರ್ಥ ಆಗುತ್ತದೆ? ಅಡಿಕೆ ಬಿಟ್ಟು ಬೇರೆ ಯಾವುದಕ್ಕಾದರೂ ಈ ಪದ ಬಳಸುತ್ತೀರಾ? ಗೋಡೆಪತ್ರಿಕೆ ಸೋಮವಾರ ಅಂಟಿಸಬೇಕಂತೆ.