ಓಪನ್ ರೈಲ್ಸ್: ಸ್ಟೇಷನ್ನಿನಲ್ಲಿ ನಿಂತರೂ ಲೊಕೇಶನ್ ಈವೆಂಟ್ ಶುರುವಾಗುತ್ತಿಲ್ಲ

ಹಳಿಗೆಳೆಯ:

ಎಲ್ಲರಿಗೂ ನಮಸ್ಕಾರ. ಓಪನ್ ರೈಲ್ಸ್ ಅನ್ನುವ ಕಂಪ್ಯೂಟರ್ ರೈಲು ಸಿಮ್ಯುಲೇಟರಿಗೆ ಒಂದು ಆಕ್ಟಿವಿಟಿ (ಆಡುವವರು ರೈಲು ಓಡಿಸಿ ಮುಗಿಸಬೇಕಾದ ಕೆಲಸ) ಮಾಡುತ್ತಿದ್ದೇನೆ. ರೈಲು ಸುಮಾರು 400 ಮೀಟರ್ ಉದ್ದ. ಸ್ಟೇಷನ್ನಿನಲ್ಲಿ ನಿಂತ ಕೂಡಲೇ ಒಂದು ಮೆಸೇಜ್ ಬರಬೇಕು, ಜೊತೆಗೆ ಅನೌನ್ಸ್‌ಮೆಂಟ್ ಕೇಳಬೇಕು. ಪ್ಲಾಟ್‌ಫಾರ್ಮಿನ ನಟ್ಟನಡುವೆ ಲೊಕೇಶನ್ ಈವೆಂಟ್ (ರೈಲು ಒಂದು ಗುರುತಿನ ಸುತ್ತಲಿನ ವೃತ್ತದೊಳಗೆ ಬಂದಾಗ ಶುರುವಾಗುವ ಈವೆಂಟ್) ಇಟ್ಟಿದ್ದೇನೆ. ರೇಡಿಯಸ್ 50 ಮೀಟರ್, ‘ಟ್ರಿಗರ್ ಆನ್ ಸ್ಟಾಪ್’ (ರೈಲು ನಿಂತರೆ ಮಾತ್ರ ಶುರು) ಟಿಕ್ ಆಗಿದೆ. ಇಡೀ ರೈಲು ಪ್ಲಾಟ್‌ಫಾರ್ಮಿನೊಳಗೆ ನಿಂತರೂ ಏನೂ ಬರುವುದಿಲ್ಲ. ರೇಡಿಯಸ್ 500ಕ್ಕೆ ಏರಿಸಿದರೆ ಹೋಮ್ ಸಿಗ್ನಲ್ (ಸ್ಟೇಷನ್ನಿನೊಳಗೆ ಬರಲು ಅನುಮತಿ ಕೊಡುವ ಸಿಗ್ನಲ್) ಕೆಂಪಿದ್ದು ಹೊರಗೆ ನಿಂತಾಗಲೇ ಅನೌನ್ಸ್‌ಮೆಂಟ್ ಶುರು!

ಇನ್ನೊಂದು ಪ್ರಶ್ನೆ. ಮುಂದೆ ಎಂಜಿನ್ ಬಿಡಿಸಿಕೊಂಡು ಸೈಡಿಂಗ್‌ನಿಂದ (ಪಕ್ಕದ ಹಳಿಯಿಂದ) ಪಾರ್ಸೆಲ್ ವ್ಯಾನ್ ತರಬೇಕು. ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಹತ್ತಿರ ಹೋಗುವಾಗ ಒಂದು ಮೆಸೇಜ್, ವಾಪಸ್ ಬರುವಾಗ ಅದೇ ಜಾಗದಲ್ಲಿ ಬೇರೆ ಮೆಸೇಜ್ ಬೇಕು. ಈಗ ಎರಡೂ ಹೋಗುವಾಗಲೇ ಬಂದುಬಿಡುತ್ತವೆ.

ಲೂಪ್‌ಲೈನ್:

ಮೊದಲನೆಯದು ಲೆಕ್ಕದ ವಿಷಯ. ಈವೆಂಟ್ ನೋಡುವುದು ರೈಲಿನ ಮುಂತುದಿಯನ್ನು. ನಿಮ್ಮ ರೈಲು ಪ್ಲಾಟ್‌ಫಾರ್ಮಿಗೆ ಸರಿಯಾಗಿ ನಿಂತಾಗ ಎಂಜಿನ್ ನಡುವಿನಿಂದ ಸುಮಾರು 200 ಮೀಟರ್ ಮುಂದೆ ಇರುತ್ತದೆ. 50 ಮೀಟರ್ ರೇಡಿಯಸ್ ಅಂದರೆ ನಡುವಿನಿಂದ ಆ ಕಡೆ 50, ಈ ಕಡೆ 50. ಎಂಜಿನ್ ಅದನ್ನು ದಾಟಿ ಹೋಗಿರುತ್ತದೆ. ದಾಟುವಾಗ ರೈಲು ಓಡುತ್ತಿತ್ತು, ಹಾಗಾಗಿ ಟ್ರಿಗರ್ ಆನ್ ಸ್ಟಾಪ್ ಒಪ್ಪಲಿಲ್ಲ. ನಿಂತಾಗ ಎಂಜಿನ್ ಒಳಗಿಲ್ಲ.

ಅದಕ್ಕೇ ಪ್ಲಾಟ್‌ಫಾರ್ಮ್ ಎಲ್ಲಿದೆ ಅಂತ ನೋಡಬೇಡಿ, ಎಂಜಿನ್ ಎಲ್ಲಿ ನಿಲ್ಲಬೇಕು ಅಂತ ನೋಡಿ. ಗುರುತನ್ನು ಅಲ್ಲಿಗೆ ಸರಿಸಿ. ರೇಡಿಯಸ್ 60 ಇಟ್ಟರೆ ಸಾಕು. ತೀರಾ ಕಡಿಮೆ ಮಾಡಬೇಡಿ. ಆಟ ಆಡುವವರು ಸ್ವಲ್ಪ ಹಿಂದೆ ಮುಂದೆ ನಿಲ್ಲಿಸುತ್ತಾರೆ, ಅವರಿಗೂ ಅನೌನ್ಸ್‌ಮೆಂಟ್ ಕೇಳಬೇಕು ಅಲ್ವಾ?

ನಿಮ್ಮ ಸ್ಟೇಷನ್ನಿನಲ್ಲಿ ಹೋಮ್ ಸಿಗ್ನಲ್ ತುಂಬಾ ಹತ್ತಿರ ಇದ್ದು, ಆಗಲೂ ತೊಂದರೆ ಆದರೆ ಆಕ್ಟಿವೇಶನ್ ಲೆವೆಲ್ ಬಳಸಿ. ಲೆವೆಲ್ 0 ಇರುವ ಈವೆಂಟ್ ಮಲಗಿರುತ್ತದೆ, ರೈಲು ಅದರ ಮೇಲೇ ನಿಂತರೂ ಏಳುವುದಿಲ್ಲ. ಅನೌನ್ಸ್‌ಮೆಂಟಿನ ಈವೆಂಟನ್ನು 0ಗೆ ಇಳಿಸಿ. ಹೋಮ್ ಸಿಗ್ನಲ್ ದಾಟಿದ ಮೇಲೆ ಇನ್ನೊಂದು ಸಣ್ಣ ಲೊಕೇಶನ್ ಈವೆಂಟ್ ಇಡಿ. ಅದಕ್ಕೆ ಮೆಸೇಜ್ ಬೇಡ, ಟ್ರಿಗರ್ ಆನ್ ಸ್ಟಾಪ್ ಬೇಡ, ‘ಆಕ್ಟಿವೇಟ್ ಈವೆಂಟ್’ ಮಾತ್ರ ಸಾಕು. ಸಿಗ್ನಲ್‌ನಲ್ಲಿ ನಿಂತ ರೈಲು ಅದನ್ನು ಮುಟ್ಟಿಯೇ ಇರುವುದಿಲ್ಲ.

ಸೈಡಿಂಗ್‌ಗೂ ಇದೇ ಉಪಾಯ. ವೃತ್ತಕ್ಕೆ ದಿಕ್ಕು ಗೊತ್ತಿಲ್ಲ. ಹೋಗುವ ರೈಲಾದರೂ ಬರುವ ರೈಲಾದರೂ ಅದಕ್ಕೆ ಒಂದೇ. ವಾಪಸ್ ಬರುವಾಗಿನ ಮೆಸೇಜನ್ನು ಲೆವೆಲ್ 0ರಲ್ಲಿಡಿ. ಆಮೇಲೆ ‘ಪಿಕ್ ಅಪ್ ವ್ಯಾಗನ್ಸ್’ ಅನ್ನುವ ಆಕ್ಷನ್ ಈವೆಂಟ್‌ನಿಂದ (ಒಂದು ಕೆಲಸ ಮುಗಿದಾಗ ಶುರುವಾಗುವ ಈವೆಂಟ್) ಅದನ್ನು ಎಬ್ಬಿಸಿ. ವ್ಯಾನ್ ಜೋಡಿಸುವ ತನಕ ಅದು ಸುಮ್ನೆ ಇರುತ್ತದೆ. ಹೋಗುವಾಗಿನ ಮೆಸೇಜ್ ಒಂದು ಸಲ ಬಂದ ಮೇಲೆ ಮತ್ತೆ ಬರುವುದಿಲ್ಲ, ‘ರಿವರ್ಸಿಬಲ್’ ಟಿಕ್ ಮಾಡದಿದ್ದರೆ.

ನನಗೆ ಆಕ್ಟಿವಿಟಿ ಬರೆಯುವುದರಲ್ಲಿ ಬಹಳ ಇಷ್ಟವಾಗುವ ಭಾಗವೇ ಇದು. ಮೆಸೇಜ್ ಸರಿಯಾದ ಹೊತ್ತಿಗೆ ಬಂದರೆ ಪಕ್ಕದಲ್ಲಿ ಗಾರ್ಡ್ ಮಾತಾಡಿದ ಹಾಗಿರುತ್ತದೆ. ಹೊತ್ತು ತಪ್ಪಿದರೆ ಆಡುವವರು ಮುಂದಿನ ಮೆಸೇಜ್ ಓದುವುದನ್ನೇ ಬಿಡುತ್ತಾರೆ. ಬ್ರೇಕ್ ಹಾಕಲು ಹೇಳುವ ಮೆಸೇಜ್‌ಗಂತೂ ವೇಗ ಲೆಕ್ಕ ಹಾಕಿಯೇ ಜಾಗ ಆರಿಸಿ. ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. 40 ಸೆಕೆಂಡ್ ಮೊದಲು ಹೇಳಬೇಕಾದರೆ 1 ಕಿಲೋಮೀಟರ್ ಹಿಂದೆ ಇಡಬೇಕು.

ಕೈಕಂಬ:

ಒಂದು ಮಾತು ಸೇರಿಸುತ್ತೇನೆ. ರೇಡಿಯಸ್ ಬದಲಿಸಿ ನೋಡಲು ಪ್ರತಿ ಸಲ ಎಡಿಟರ್ ತೆರೆಯಬೇಕಿಲ್ಲ. ಆಕ್ಟಿವಿಟಿ ಫೈಲ್ ಬರೀ ಟೆಕ್ಸ್ಟ್. ಅದರಲ್ಲಿ ‘ಲೊಕೇಶನ್’ ಮುಂದೆ ಐದು ಸಂಖ್ಯೆಗಳಿರುತ್ತವೆ. ಮೊದಲೆರಡು ಯಾವ ಟೈಲ್ ಅಂತ ಹೇಳುತ್ತವೆ. ಒಂದು ಟೈಲ್ ಅಂದರೆ 2048 ಮೀಟರ್ ಚೌಕ. ನಂತರದ ಎರಡು ಟೈಲ್‌ನ ನಡುವಿನಿಂದ ಎಷ್ಟು ಮೀಟರ್ ದೂರ ಅಂತ. ಕೊನೆಯದೇ ರೇಡಿಯಸ್. ಫೈಲಿನ ಒಂದು ಕಾಪಿ ಇಟ್ಟುಕೊಂಡು, ಯೂನಿಕೋಡ್ ಎನ್‌ಕೋಡಿಂಗ್ ಬದಲಾಗದ ಹಾಗೆ ಸೇವ್ ಮಾಡಿ.

ಅನೌನ್ಸ್‌ಮೆಂಟ್ ಫೈಲನ್ನು ರೂಟಿನ ಸೌಂಡ್ ಫೋಲ್ಡರಿನಲ್ಲಿ ಇಡಿ. ಅದರ ಬಗೆಯನ್ನು ‘ಎವರಿವೇರ್’ ಬದಲು ‘ಗ್ರೌಂಡ್’ ಅಂತ ಕೊಟ್ಟು ನೋಡಿ. ಆಗ ಸದ್ದು ರೈಲಿನ ಜೊತೆ ಬರುವುದಿಲ್ಲ, ಹೊರಗೆ ಅದೇ ಜಾಗದಲ್ಲಿ ಉಳಿಯುತ್ತದೆ.

ಹಳಿಗೆಳೆಯ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗುರುತನ್ನು ಎಂಜಿನ್ ನಿಲ್ಲುವ ಕಡೆಗೆ ಸರಿಸಿದೆ, ಅನೌನ್ಸ್‌ಮೆಂಟ್ ಈಗ ನಿಂತ ಮೇಲೆಯೇ ಬರುತ್ತಿದೆ. ಸೈಡಿಂಗ್ ಮೆಸೇಜುಗಳೂ ಸರಿಹೋದವು. ಎದುರಿನಿಂದ ಬರುವ ಎಐ ರೈಲು (ಕಂಪ್ಯೂಟರೇ ಓಡಿಸುವ ರೈಲು) ಒಂದು ಜಾಗ ದಾಟಿದಾಗ ನನಗೆ ಮೆಸೇಜ್ ಬರುವ ಹಾಗೆ ಮಾಡಬಹುದಾ?

ಲೂಪ್‌ಲೈನ್:

ಮಾಡಬಹುದು. ಏನೂ ಹೇಳದಿದ್ದರೆ ಈವೆಂಟ್ ಆಟಗಾರರ ರೈಲನ್ನೇ ನೋಡುತ್ತದೆ. ಓಪನ್ ರೈಲ್ಸ್‌ನಲ್ಲಿ ‘ಟ್ರಿಗರಿಂಗ್ ಟ್ರೇನ್’ ಅನ್ನುವ ಸಾಲು ಸೇರಿಸಿ, ಅದರಲ್ಲಿ ಆ ರೈಲಿನ ಸರ್ವಿಸ್ ಹೆಸರು ಮತ್ತು ಹೊರಡುವ ಸಮಯ ಕೊಡಿ. ಇದೇ ಬಗೆಯ ಆಕ್ಟಿವಿಟಿ ಫೈಲ್ ಬಳಸುವ ಮೈಕ್ರೋಸಾಫ್ಟ್‌ನ 2001ರ ಹಳೆಯ ಟ್ರೇನ್ ಸಿಮ್ಯುಲೇಟರಿನಲ್ಲಿ ಈ ಸೌಲಭ್ಯ ಇಲ್ಲ, ಹಾಗಾಗಿ ಆಕ್ಟಿವಿಟಿ ಹಂಚುವಾಗ ಓಪನ್ ರೈಲ್ಸ್‌ಗೆ ಮಾತ್ರ ಅಂತ ಬರೆದುಬಿಡಿ.