ಮೊದಲೇ ಏನೂ ಮಾತಾಡಿಕೊಳ್ಳದೆ ಇವರೆಲ್ಲ ಒಟ್ಟಿಗೆ ನಿಲ್ಲಿಸುವುದು ಹೇಗೆ?

ಹೊಸಕಿವಿ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಫ್ರೀ ಜಾಜ್, ಅಂದರೆ ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ಆ ಕ್ಷಣಕ್ಕೆ ನುಡಿಸುವ ಜಾಜ್, ಕೇಳುತ್ತಿದ್ದೇನೆ. ಮನಸ್ಸು ಹಿಡಿದದ್ದು ಶ್ಲಿಪ್ಪೆನ್‌ಬಾಖ್ ಟ್ರಯೋ. ಪಿಯಾನೋ ಅಲೆಕ್ಸಾಂಡರ್ ಫಾನ್ ಶ್ಲಿಪ್ಪೆನ್‌ಬಾಖ್, ಸ್ಯಾಕ್ಸೊಫೋನ್ ಇವಾನ್ ಪಾರ್ಕರ್, ಡ್ರಮ್ಸ್ ಪಾಲ್ ಲೋವೆನ್ಸ್. 1970ರ ದಶಕದ ಶುರುವಿನಿಂದ ನಲವತ್ತು ವರ್ಷಕ್ಕೂ ಜಾಸ್ತಿ ಇದೇ ಮೂವರು ಜೊತೆಗೆ ನುಡಿಸಿದ್ದಾರೆ. ಅವರ 1972ರ ರೆಕಾರ್ಡನ್ನೂ ಈಚಿನದೊಂದನ್ನೂ ಒಂದೇ ರಾತ್ರಿ ಕೇಳಿದೆ.

ಎಣಿಸುವ ತಾಳ ಇಲ್ಲ, ಹಿಡಿದುಕೊಳ್ಳುವ ರಾಗ ಇಲ್ಲ, ಮುಂದೆ ಬರೆದಿಟ್ಟ ಹಾಳೆಯೂ ಇಲ್ಲ. ಆದರೂ ಮುಗಿಯುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೈ ಎತ್ತುತ್ತಾರೆ. ಕಣ್ಸನ್ನೆ ಏನಾದರೂ ಇರುತ್ತದೆಯಾ? ಇನ್ನೊಂದು ಪ್ರಶ್ನೆ. ಇಷ್ಟು ವರ್ಷ ಜೊತೆಗಿದ್ದರೆ ಅವನು ಮುಂದೆ ಏನು ಮಾಡುತ್ತಾನೆ ಅಂತ ಇವನಿಗೆ ಗೊತ್ತೇ ಇರುತ್ತದೆ ಅಲ್ವಾ? ಆಗ ಅದು ಆ ಕ್ಷಣಕ್ಕೆ ಹುಟ್ಟಿದ ಸಂಗೀತ ಹೇಗಾಗುತ್ತದೆ?

ದಪ್ಪತಂತಿ:

ನಾನು ಡಬಲ್ ಬಾಸ್ ನುಡಿಸುತ್ತೇನೆ, ಆಳುದ್ದದ ಪಿಟೀಲಿನಂಥ ವಾದ್ಯ. ಹತ್ತೊಂಬತ್ತು ವರ್ಷದಿಂದ ಒಂದೇ ಟ್ರಯೋ. ಸ್ಯಾಕ್ಸ್ ನುಡಿಸುವವರಿಗೆ ಈಗ 68. ಡ್ರಮ್ಸ್‌ನವನು ನನ್ನ ವಾರಿಗೆಯವನು. ನಿಮ್ಮ ಪ್ರಶ್ನೆ ನೋಡಿ ಬರೆಯದೆ ಇರಲಾಗಲಿಲ್ಲ.

ಕಣ್ಸನ್ನೆ ಇಲ್ಲ. ನಮ್ಮ ಸ್ಯಾಕ್ಸ್‌ನವರು ಕಣ್ಣು ಮುಚ್ಚಿಕೊಂಡೇ ನುಡಿಸುತ್ತಾರೆ. ನನಗೆ ಸಿಗುವುದು ಅವರ ಉಸಿರು. ಮುಂದಿನ ಸಾಲು ಉದ್ದ ಇದ್ದರೆ ಉಸಿರು ಎಳೆದುಕೊಳ್ಳುವ ಸದ್ದು ಆಳಕ್ಕೆ ಹೋಗುತ್ತದೆ. ಮುಗಿಸುವ ಮನಸ್ಸಿದ್ದರೆ ಉಸಿರು ಎಳೆಯುವುದೇ ಇಲ್ಲ. ಡ್ರಮ್ಸ್‌ನವನು ಬ್ರಷ್ಷನ್ನು ತೊಗಲಿನಿಂದ ಎತ್ತುವಾಗ ಒಂದು ಸಣ್ಣ ಸವರು ಕೇಳುತ್ತದೆ. ಅದನ್ನು ನಾವಿಬ್ಬರೂ ಕೇಳಿಸಿಕೊಂಡಿರುತ್ತೇವೆ.

ನುಡಿಸುವಾಗ ಮುಗಿಸಬಹುದಾದ ಜಾಗ ಹತ್ತಾರು ಸಲ ಬರುತ್ತದೆ. ಮೂವರಲ್ಲಿ ಯಾರಾದರೂ ಒಬ್ಬರು ಒಂದು ಸ್ವರ ಹಾಕಿದರೂ ಆಟ ಮುಂದೆ ಹೋಗುತ್ತದೆ. ಮೂವರೂ ಸುಮ್ನೆ ಬಿಟ್ಟಾಗ ಮುಗಿಯುತ್ತದೆ. ಕಷ್ಟ ಇರುವುದು ಸುಮ್ನೆ ಬಿಡುವುದರಲ್ಲೇ. ನಮ್ಮ ನಾಲ್ಕನೇ ವರ್ಷದ ಒಂದು ಕಾರ್ಯಕ್ರಮ ನನಗೆ ಇನ್ನೂ ಚುಚ್ಚುತ್ತದೆ. ಸ್ಯಾಕ್ಸ್ ಒಂದು ತೆಳ್ಳನೆಯ ಮೇಲಿನ ಸ್ವರದಲ್ಲಿ ನಿಂತು ಕರಗಿತು. ಡ್ರಮ್ಸ್‌ನವನು ಕೋಲುಗಳನ್ನು ತೊಡೆಯ ಮೇಲಿಟ್ಟಾಗಿತ್ತು. ಆ ಮೌನಕ್ಕೆ ಹೆದರಿ ನಾನು ಕಮಾನು ಎಳೆದೆ. ಪಾಪ, ಅವರಿಬ್ಬರೂ ವಾಪಸ್ ಬಂದರು. ಇನ್ನೂ ಹದಿನಾಲ್ಕು ನಿಮಿಷ ನುಡಿಸಿದೆವು. ಒಂದು ಸ್ವರಕ್ಕೂ ಜೀವ ಇರಲಿಲ್ಲ. ಬಾಸನ್ನು ಚೀಲಕ್ಕೆ ಹಾಕುವಾಗ ಸ್ಯಾಕ್ಸ್‌ನ ಹಿರಿಯರು ಹತ್ತಿರ ಬಂದು, "ಅದು ಆಗಲೇ ಮುಗಿದಿತ್ತು ಕಣೋ" ಅಂದರು. ಅಷ್ಟೇ.

ಇನ್ನು ಒಬ್ಬರಿಗೊಬ್ಬರು ಗೊತ್ತಾಗಿಬಿಡುವ ಮಾತು. ಹೊಸಬರು ಕೂಡಿ ನುಡಿಸುವುದನ್ನು ಗಮನಿಸಿ. ಡ್ರಮ್ಸ್ ಟಕ್ ಅಂದರೆ ಬಾಸ್ ಕೂಡ ಟಕ್ ಅನ್ನುತ್ತದೆ. ಸ್ಯಾಕ್ಸ್ ಏರಿದರೆ ಎಲ್ಲರೂ ಏರುತ್ತಾರೆ. ಕೇಳಿಸಿಕೊಳ್ಳುತ್ತಿದ್ದೇನೆ ಅಂತ ತೋರಿಸಿಕೊಳ್ಳುವ ಆತುರ ಅದು. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಈಗ ಸ್ಯಾಕ್ಸ್ ಏರಿದಾಗ ನಾನು ಇದ್ದಲ್ಲೇ ಇರಬಲ್ಲೆ. ಅವರಿಗೆ ಉತ್ತರ ಬೇಕಿಲ್ಲ, ಕೆಳಗೆ ನೆಲ ಬೇಕು. ಜೊತೆಗೆ ಕಳೆದ ವರ್ಷಗಳು ನನಗೆ ಕೊಟ್ಟದ್ದು ಇದನ್ನೇ. ಅವರು ಏನು ಮಾಡುತ್ತಾರೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಏನು ಮಾಡಿದರೂ ಓಡಿ ಹೋಗಿ ಹಿಡಿದುಕೊಳ್ಳಬೇಕಾಗಿಲ್ಲ ಅನ್ನುವುದು ಗೊತ್ತು.

ಲಂಡನ್ನಿನ ಡ್ರಮ್ಮರ್ ಜಾನ್ ಸ್ಟೀವನ್ಸ್ ಕಲಿಸಿಕೊಟ್ಟ ಒಂದು ಅಭ್ಯಾಸ ಇದೆ. ಎಲ್ಲರೂ ಒಂದೊಂದೇ ಸ್ವರ, ಉಸಿರು ಇರುವಷ್ಟು ಹೊತ್ತು, ಮತ್ತೆ ಉಸಿರು, ಮತ್ತೆ ಸ್ವರ. ಪಕ್ಕದವರು ಕೇಳಿಸದಿದ್ದರೆ ನೀವು ಜೋರಾಗಿ ನುಡಿಸುತ್ತಿದ್ದೀರಿ ಅಂತ ಅರ್ಥ. ನಾವು ಇವತ್ತಿಗೂ ರಿಹರ್ಸಲ್ ಶುರು ಮಾಡುವುದು ಇದರಿಂದಲೇ.

ಹಳೇಟೇಪು:

ದಪ್ಪತಂತಿ ಅವರೇ, ಮನಸ್ಸಿಗೆ ತಟ್ಟುವಂತೆ ಬರೆದಿದ್ದೀರಿ. ಆದರೆ ವರ್ಷಗಳಿಗೇ ಎಲ್ಲ ಶ್ರೇಯ ಕೊಡುವುದನ್ನು ನಾನು ಒಪ್ಪಲಾರೆ. ಗಿಟಾರಿಸ್ಟ್ ಡೆರೆಕ್ ಬೇಯ್ಲಿ 1976ರಲ್ಲಿ ಶುರು ಮಾಡಿದ 'ಕಂಪನಿ' ಅನ್ನುವ ಕೂಟದ ಉದ್ದೇಶವೇ ಬೇರೆ ಇತ್ತು. ಖಾಯಂ ಗುಂಪು ಬೇಡ, ಹಿಂದೆ ಜೊತೆಯಾಗಿ ನುಡಿಸದವರನ್ನೂ ಕೂರಿಸಿ ನೋಡೋಣ ಅನ್ನುವ ಹಂಬಲ. ಖಾಯಂ ಗುಂಪಿನಲ್ಲಿ ಅಭ್ಯಾಸಬಲ ಬೆಳೆದುಬಿಡುತ್ತದೆ ಅನ್ನುವುದು ಸುಳ್ಳಲ್ಲ.

1979ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡ್ರಮ್ಮರ್ ಮ್ಯಾಕ್ಸ್ ರೋಚ್ ಮತ್ತು ಪಿಯಾನೋದ ಸೆಸಿಲ್ ಟೇಲರ್ ಇಬ್ಬರೇ ನುಡಿಸಿದ ರೆಕಾರ್ಡ್ ಕೇಳಿ. ಮೊದಲು ಡ್ರಮ್ಸ್ ಒಂದೇ, ಆಮೇಲೆ ಪಿಯಾನೋ ಒಂದೇ, ನಂತರ ಜೋಡಿ. ಹತ್ತೊಂಬತ್ತು ವರ್ಷದ ಒಡನಾಟ ಇರದೆಯೂ ಹೀಗೆ ನುಡಿಸಬಹುದು.

ಎಡಬಲ:

ಹೊಸಕಿವಿ ಅವರಿಗೆ ಒಂದು ಸಣ್ಣ ಸಲಹೆ. ಸ್ಯಾಕ್ಸ್ ವಾದಕ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರ್ 21ರಂದು ಎಂಟು ಜನರನ್ನು ಕೂರಿಸಿ ಮಾಡಿದ 'ಫ್ರೀ ಜಾಜ್' ರೆಕಾರ್ಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎಡಕ್ಕೆ ನಾಲ್ವರ ಒಂದು ಗುಂಪು, ಬಲಕ್ಕೆ ಇನ್ನೊಂದು. 37 ನಿಮಿಷ. ಎಡಗಡೆಯ ಬಾಸ್ ಸ್ಕಾಟ್ ಲಫಾರೋ, ಬಲಗಡೆಯದು ಚಾರ್ಲಿ ಹೇಡನ್. ಬಾಸ್ ಎರಡನ್ನೇ ಹಿಂಬಾಲಿಸಿ.

ದಪ್ಪತಂತಿ:

ಹಳೇಟೇಪು ಅವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಆ ರಾತ್ರಿ ರೋಚ್‌ಗೆ 55, ಟೇಲರ್‌ಗೆ 50. ಇಬ್ಬರೂ ಅದಕ್ಕೆ ಮೊದಲು ಸಾವಿರಾರು ರಾತ್ರಿ ಬೇರೆಯವರ ಜೊತೆ ಕೇಳಿಸಿಕೊಂಡು ನುಡಿಸಿದವರು. ಅದೂ ವರ್ಷಗಳ ಲೆಕ್ಕವೇ ಅಲ್ವಾ?

ಅಭ್ಯಾಸಬಲದ ಭಯ ನಮಗೂ ಇದೆ. ಹಾಗಾಗಿ ಕೂರುವ ಜಾಗ ಬದಲಿಸುತ್ತೇವೆ. ಕೆಲವು ದಿನ ಡ್ರಮ್ಸ್‌ನವನು ಸಿಂಬಲ್ ತಟ್ಟೆಗಳನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಆದರೆ ನಮ್ಮನ್ನು ನಿಜವಾಗಿ ಬದಲಿಸಿದ್ದು ವಯಸ್ಸು. ಎರಡು ವರ್ಷದಿಂದ ನಮ್ಮ ಹಿರಿಯರ ಬಲಗೈ ಬೆರಳುಗಳ ಗಂಟು ಊದಿಕೊಳ್ಳುತ್ತಿದೆ. ಹಳೆಯ ವೇಗ ಇಲ್ಲ, ಉಸಿರೂ ಗಿಡ್ಡ. ಮೊದಲು ಅವರು ತುಂಬಿಸುತ್ತಿದ್ದ ಜಾಗ ಈಗ ಖಾಲಿ ಬರುತ್ತದೆ. ಅದನ್ನು ನಾನು ತುಂಬಲು ಹೋದ ದಿನ ಸಂಗೀತ ಕೆಟ್ಟಿತು. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟ ದಿನ ಅವರು ನಾಲ್ಕೇ ಸ್ವರ ನುಡಿಸಿದರು. ಅಂಥ ನಾಲ್ಕು ಸ್ವರ ಅವರಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

ಆರ್ಟ್ ಎನ್‌ಸೆಂಬಲ್ ಆಫ್ ಶಿಕಾಗೋ ಅನ್ನುವ ಗುಂಪಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಲೆಸ್ಟರ್ ಬೋವೀ 1999ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅದೇ ಗುಂಪಿನ ರಾಸ್ಕೋ ಮಿಚೆಲ್, ಮಲಕೈ ಫೇವರ್ಸ್, ಡಾನ್ ಮೋಯೆ 2001ರಲ್ಲಿ ಒಂದು ರೆಕಾರ್ಡ್ ಮಾಡಿದರು. ಅದರಲ್ಲಿ ಟ್ರಂಪೆಟ್ ಇಲ್ಲ. ಆ ಜಾಗಕ್ಕೆ ಬೇರೆಯವರನ್ನು ಕೂರಿಸಲಿಲ್ಲ. ಕೇಳುವಾಗ ನನಗೆ ಬೋವೀ ಬರಬಹುದಾಗಿದ್ದ ಜಾಗಗಳೆಲ್ಲ ಗೊತ್ತಾಗುತ್ತವೆ.

ಹೊಸಕಿವಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ 'ಫ್ರೀ ಜಾಜ್' ಎರಡು ಸಲ ಕೇಳಿದೆ. ಮೊದಲ ಸಲ ಎಡಗಡೆಯ ಬಾಸ್ ಹಿಂದೆ ಹೋದೆ, ಎರಡನೇ ಸಲ ಬಲಗಡೆಯದರ ಹಿಂದೆ. ಇಷ್ಟು ದಿನ ನಾನು ಜೋರಾಗಿ ನುಡಿಸುವವರನ್ನು ಮಾತ್ರ ಕೇಳುತ್ತಿದ್ದೆ. ದಪ್ಪತಂತಿ ಅವರೇ, ನಿಮ್ಮ ಹಿರಿಯರು ಆ ನಾಲ್ಕು ಸ್ವರ ನುಡಿಸಿದ ದಿನದ ರೆಕಾರ್ಡಿಂಗ್ ಇದೆಯಾ?

ದಪ್ಪತಂತಿ:

ಇಲ್ಲ. ಅವತ್ತು ಬರೀ ರಿಹರ್ಸಲ್, ನಾವು ಮೂವರೇ ಇದ್ದೆವು. ಬರುವ ತಿಂಗಳು ಮತ್ತೆ ಕೂರುತ್ತೇವೆ. ಆಗ ಮೈಕ್ ಇಡುತ್ತೇನೆ.