ಹತ್ಮೀನಿಗೆ (ಮಳೆಗಾಲದಲ್ಲಿ ಹೊಳೆಯಿಂದ ಗದ್ದೆಗೆ ಹತ್ತೋ ಮೀನು ಹಿಡಿಯೋಕೆ) ಮಕ್ಕಳನ್ನ ಕಳ್ಸೋದಾ ಬೇಡ್ವಾ? ಎಷ್ಟು ಹಿಡಿದ್ರೆ ಸಾಕು?

ತುಂಗೆತಟದವಳು:
ಈ ವಾರ ತವರಿಗೆ ಹೊರಟಿದೀವಿ, ತೀರ್ಥಹಳ್ಳಿ ಹತ್ರ. ಮಗಂಗೆ ಹತ್ತು ವರ್ಷ, ಬೆಂಗಳೂರಲ್ಲೇ ಬೆಳೆದೋನು. ಅವನ ಮಾವ ಫೋನಲ್ಲೇ ಮೃಗಶಿರ ಮಳೆ ಹಿಡ್ಕೊಂಡಿದೆ ಹತ್ಮೀನು ಶುರು ಬಾರೋ ಮಾರಾಯ ಅಂತ ತಲೆ ಕೆಡಿಸಿಟ್ಟಿದಾನೆ. ರಾತ್ರಿ ಬ್ಯಾಟರಿ ಕತ್ತಿ ಹಿಡ್ಕೊಂಡು ಗದ್ದೆಗಿಳಿಯೋದು, ನಾನೂ ಅಪ್ಪನ ಹಿಂದೆ ಹೋದೋಳೇ, ಬೇಡ ಅನ್ನೋಕೆ ಬಾಯಿ ಬರಲ್ಲ. ಆದ್ರೆ ಹೋದ ವರ್ಷ ಅಣ್ಣನ ಮಕ್ಳು ಬಕೆಟ್ ತುಂಬ ತಂದ್ರು, ಅಮ್ಮ ಹೆಚ್ಚೋಕೆ ಕೂತ್ರೆ ಒಂದೊಂದ್ರ ಹೊಟ್ಟೇಲೂ ಬರೀ ಮೊಟ್ಟೆ, ಅರ್ಧ ಅಡಿಕೆ ಬುಡಕ್ಕೆ ಹೋಯ್ತು. ನೀವೆಲ್ಲ ಮಕ್ಕಳಿಗೆ ಇಷ್ಟೇ ಅಂತ ಲಿಮಿಟ್ ಇಟ್ಟಿದೀರಾ?

ಗದ್ದೆಬದಿ:
ಅಕ್ಕ, ಇದ್ರಲ್ಲಿ ಲಿಮಿಟ್ ಮಾತೇ ಬರಲ್ಲ, ಹಿಡೀಲೇಬಾರ್ದು. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಅವು ಹತ್ತೋದೇ ಮೊಟ್ಟೆ ಇಡೋಕೆ, ಕೆಜಿ ತೂಗೋ ಒಂದು ರೋಹು ಹೊಟ್ಟೇಲೇ ಲಕ್ಷಗಟ್ಟಲೆ ಇರುತ್ತೆ. ಸಮುದ್ರದಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟ್ ಇಳಿಸಂಗಿಲ್ಲ ಅಂತ ಎಲ್ರಿಗೂ ಗೊತ್ತು, ನಮ್ಮ ಕಡೆನೂ ಮಳೆಗಾಲದಲ್ಲಿ ಹತ್ಮೀನು ಹಿಡೀಬೇಡಿ ಅಂತ ಇಲಾಖೆಯೋರು ಪ್ರಕಟಣೆ ಕೊಡ್ತಾರೆ, ಅದನ್ನ ಓದೋರು ಯಾರು. ಮಗಂಗೆ ಟಾರ್ಚ್ ಕೊಡಿ, ನೋಡ್ಲಿ. ಕತ್ತಿ ಬೇಡ.

ಹೊಸನಗರದವ:
ಅಲ್ಲ ಮಾರಾಯ್ರೆ, ಹಳ್ಳಕ್ಕೆ ಅಡ್ಡ ಪೂರ್ತಿ ಕೂಣಿ (ಮೀನು ಸಿಕ್ಕಿಸೋ ಬುಟ್ಟಿ) ಕಟ್ಟಿ ಒಂದು ಮರೀನೂ ಮೇಲೆ ಹೋಗ್ದಂಗೆ ಮಾಡೋರು, ಲೈನಿಂದ ವೈರ್ ಎಳ್ದು ನೀರಿಗೆ ಕರೆಂಟ್ ಬಿಡೋರು ಎಲ್ಲ ದೊಡ್ಡೋರೇ, ಅವರನ್ನ ಬಿಟ್ಟು ಹುಡುಗ್ರಿಗೆ ಪಾಠ ಹೇಳ್ತೀರಲ್ಲ. ಎರೆಹುಳ ಚುಚ್ಚಿ ಗಾಳದಲ್ಲಿ ನಾಕು ಪಕ್ಕೆ ಮೀನು ಎತ್ತಿದ್ರೆ ತುಂಗೆ ಬರಿದಾಗಲ್ಲ. ರಾತ್ರಿ ಗದ್ದೆಗೆ ಮಾತ್ರ ನಾನೂ ಕಳ್ಸಲ್ಲ, ಮೊಣಕಾಲು ನೀರಲ್ಲಿ ಮೀನು ಅಂತ ಬೀಸಿದ ಕತ್ತಿ ಪಕ್ಕದೋನ ಕಾಲಿಗೆ ಕೂತ್ರೆ ಆಸ್ಪತ್ರೆ ಎಷ್ಟು ದೂರ ನೀವೇ ಯೋಚ್ನೆ ಮಾಡಿ, ಯಾವನು ಎಲ್ಲಿ ಕರೆಂಟ್ ಬಿಟ್ಟಿದಾನೋ ಅದೂ ಗೊತ್ತಾಗಲ್ಲ.

ಸ್ಯಾನ್‌ಹೋಸೆ_ಕನ್ನಡಿಗ:
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 16 ತುಂಬೋವರೆಗೂ ಮಕ್ಕಳಿಗೆ ಲೈಸೆನ್ಸ್ ಬೇಡ, ಆದ್ರೆ ಲಿಮಿಟ್ ಅವರಿಗೂ ಅಷ್ಟೇ. ನಾವು ಹೋಗೋ ಕೆರೆಲಿ ಬಾಸ್ ಅನ್ನೋ ಮೀನು ದಿನಕ್ಕೆ ಐದು, 12 ಇಂಚಿಗಿಂತ ಚಿಕ್ಕದಾದ್ರೆ ವಾಪಸ್ ನೀರಿಗೆ. ನಂದು ಐದಾಯ್ತು, ಇನ್ನೈದು ಮಗಳ ಲೆಕ್ಕಕ್ಕೆ ಅಂತ ನಾನೇ ಹಿಡಿಯೋ ಹಾಗಿಲ್ಲ. ಅಳತೆಪಟ್ಟಿ ಅವಳ ಕೈಲೇ ಇರುತ್ತೆ, ಅರ್ಧ ಇಂಚು ಕಮ್ಮಿ ಇದ್ರೂ ನಂಗೆ ಇಟ್ಕೊಳ್ಳೋಕೆ ಬಿಡೋದೇ ಇಲ್ಲ 😀

ಗದ್ದೆಬದಿ:
@ಹೊಸನಗರದವ ಕೂಣಿ ವಿಷ್ಯ ಒಪ್ದೆ. ಆದ್ರೆ ಆ ಕೂಣಿ ಕಟ್ಟೋರೂ ಅಪ್ಪನ ಹಿಂದೆ ಬಕೆಟ್ ಹಿಡ್ಕೊಂಡು ಹೋಗೇ ಕಲ್ತಿದ್ದು.

ಅಡಿಕೆಪುಟ್ಟಿ:
ಗಾಳ ಹಾಕೋ ಆಸೆ ಇದ್ರೆ ದಸರಾ ರಜೆಗೆ ಕರ್ಕೊಂಡ್ ಬನ್ನಿ, ನೀರು ಇಳಿದಿರುತ್ತೆ. ಅವತ್ತಿನ ಸಾರಿಗೆ ಎಷ್ಟು ಬೇಕೋ ಅಷ್ಟಾದ್ಮೇಲೆ ಗಾಳ ಸುತ್ತಿಡೋದು, ನಮ್ಮನೇಲಿ ಅದೇ ರೂಲ್. ಬಿಡೋ ಮೀನನ್ನ ಒದ್ದೆ ಕೈಯಲ್ಲೇ ಹಿಡೀಬೇಕು, ಒಣಕೈಗೆ ಅದ್ರ ಲೋಳೆ ಕಿತ್ತು ಬರುತ್ತೆ. ಮುರುಗೋಡು ಮೀನು ಸಿಕ್ಕಿದ್ರೆ ಗಾಳದಿಂದ ನೀವೇ ಬಿಡ್ಸಿ, ಮುಳ್ಳು ಚುಚ್ಚಿದ್ರೆ ರಾತ್ರಿಯಿಡೀ ಅಳ್ತಾನೆ. ಈ ಸಲಕ್ಕೆ ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೆ ಹೋಗ್ಬನ್ನಿ, ಹೊಳೆ ತೀರಾ ಏರಿಲ್ದಿದ್ರೆ.

ತುಂಗೆತಟದವಳು:
ಅಣ್ಣಂಗೆ ಫೋನ್ ಮಾಡ್ದೆ. ಟಾರ್ಚ್ ಸರಿ, ಕತ್ತಿ ಇಲ್ಲ, ಬಕೆಟೂ ಇಲ್ಲ ಅಂದೆ. ಹಂಗಾದ್ರೆ ಗದ್ದೆಗ್ ಯಾಕೆ ಸಿನಿಮಾಗ್ ಹೋಗಿ ಅಂತ ಬೈದು ಇಟ್ಟ. ಅಮ್ಮ ಮಾತ್ರ ನನ್ನ ಕಡೆ, ಹೆಚ್ಚೋಳು ಅವಳಲ್ವಾ.